ರಿಟೇನರ್ ಲೋಳೆಗಟ್ಟದಂತೆ ತೊಳೆಯುವುದು ಹೇಗೆ?

ಹಲ್ಲಿನ ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಮತ್ತೆ ಸರಿಯದಂತೆ ಹಾಕಿಕೊಳ್ಳಲು ಕೊಡುವ ರಿಟೇನರನ್ನು ಟೂತ್‌ಪೇಸ್ಟ್ ಹಚ್ಚಿ ಗಸಗಸ ಉಜ್ಜುವವರನ್ನೇ ಹೆಚ್ಚಾಗಿ ಕಂಡಿದ್ದೇನೆ. ಪೇಸ್ಟಿನ ಒರಟು ಕಣಗಳು ಪ್ಲಾಸ್ಟಿಕ್ಕಿನ ಮೇಲೆ ಗೀರು ಮೂಡಿಸುತ್ತವೆ. ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಆ ಗೀರುಗಳಲ್ಲೇ. ಕುದಿನೀರೂ ಬೇಡ. ಬಿಸಿಗೆ ಪಾರದರ್ಶಕ ರಿಟೇನರ್ ಸೊಟ್ಟಗಾದರೆ ಮತ್ತೆ ಹಲ್ಲಿಗೆ ಕೂರುವುದಿಲ್ಲ.

ಹಂತ 1: ಬಾಯಿಂದ ತೆಗೆದ ಕೂಡಲೇ ತಣ್ಣೀರಿನಲ್ಲಿ ತೊಳೆಯಿರಿ. ಎಂಜಲು ಒಣಗಬಾರದು.

ಹಂತ 2: ಅವಸರ ಮಾಡಬಾರದ ಹಂತ ಇದು. ಇದಕ್ಕೆಂದೇ ಮೃದುವಾದ ಬ್ರಷ್ ಇಟ್ಟುಕೊಳ್ಳಿ. ಒಂದು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಬಹುತೇಕರು ಕಣ್ಣಿಗೆ ಕಾಣುವ ಹೊರಮೈಯನ್ನು ಉಜ್ಜಿ ಮುಗಿಸುತ್ತಾರೆ. ಕೊಳೆ ಇರುವುದು ಒಳಗೆ, ಒಂದೊಂದು ಹಲ್ಲು ಕೂರುವ ಗುಳಿಯಲ್ಲಿ. ರಿಟೇನರನ್ನು ಅಂಗೈಯಲ್ಲಿ ಆನಿಸಿಕೊಂಡು, ಬ್ರಷ್‌ನ ತುದಿಯನ್ನು ಪ್ರತಿ ಗುಳಿಗೂ ಇಳಿಸಿ ಮೆಲ್ಲಗೆ ಸುತ್ತಿಸಿ. ಅಂಚು ಹಿಡಿದು ಅಗಲಿಸಿದರೆ ಬಿರುಕು ಬಿಡುತ್ತದೆ. ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಗೆ ಇನ್ನಷ್ಟು ಗಮನ ಕೊಡಿ: ನಾಲಿಗೆಯ ಅಡಿಯ ಜೊಲ್ಲುಗ್ರಂಥಿಗಳು ಅಲ್ಲೇ ತೆರೆದುಕೊಳ್ಳುವುದರಿಂದ ಬಿಳಿ ಕಿಟ್ಟ ಮೊದಲು ಕಟ್ಟುವುದು ಅಲ್ಲಿ. ತಂತಿ ಇರುವ ರಿಟೇನರ್ ಆದರೆ ತಂತಿ ಅಕ್ರಿಲಿಕ್‌ನೊಳಗೆ ಹೋಗುವ ಸಂದಿಯನ್ನು ಬಿಡಬೇಡಿ. ಕೊನೆಗೆ ಬೆರಳಿನಿಂದ ಸವರಿ ನೋಡಿ. ಜಾರಿದರೆ ಲೋಳೆ ಇನ್ನೂ ಇದೆ. ಹುಳುಕು ತರುವ ಸ್ಟ್ರೆಪ್ಟೋಕಾಕಸ್ ಮ್ಯೂಟಾನ್ಸ್ ಬ್ಯಾಕ್ಟೀರಿಯಾ, ಕ್ಯಾಂಡಿಡಾ ಶಿಲೀಂಧ್ರ ಬೆಳೆಯುವುದು ಈ ಲೋಳೆಯಲ್ಲೇ.

ಕಿಟ್ಟ ಗಟ್ಟಿಯಾಗಿದ್ದರೆ ಪಿನ್ನಿನಿಂದ ಕೆರೆಯಬೇಡಿ. ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ 15-20 ನಿಮಿಷ ನೆನೆಸಿ, ಮತ್ತೆ ಬ್ರಷ್ ಮಾಡಿ. ಆಗಲೂ ಹೋಗದಿದ್ದರೆ ದಂತವೈದ್ಯರಲ್ಲಿಗೆ ಒಯ್ಯಿರಿ.

ಹಂತ 3: ವಾರಕ್ಕೊಮ್ಮೆ, ರಿಟೇನರ್ ತೊಳೆಯಲೆಂದೇ ಸಿಗುವ ನೊರೆ ಬರುವ ಮಾತ್ರೆಯ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆಯಿರಿ. ಬ್ರಷ್ ಮಾಡದೆ ಬರೀ ಮಾತ್ರೆ ಹಾಕುವ ಅಡ್ಡದಾರಿಯಿಂದ ಲೋಳೆ ಬಿಡುವುದಿಲ್ಲ. ಕೆಲವು ಮಾತ್ರೆಗಳಲ್ಲಿರುವ ಪರ್‌ಸಲ್ಫೇಟ್ ಎಂಬ ರಾಸಾಯನಿಕ ಕೆಲವರಿಗೆ ಅಲರ್ಜಿ ತರುತ್ತದೆ, ಲೇಬಲ್ ಓದಿ. ಬ್ಲೀಚ್ ಬೇಡವೇ ಬೇಡ, ತಂತಿ ತುಕ್ಕು ಹಿಡಿಯುತ್ತದೆ. ಬಾಯಿ ಮುಕ್ಕಳಿಸುವ ಔಷಧದಲ್ಲಿರುವ ಕ್ಲೋರ್‌ಹೆಕ್ಸಿಡಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ನಿಜ. ಆದರೆ ಕಂದು ಕಲೆ ಬಿಡುತ್ತದೆ, ವೈದ್ಯರು ಹೇಳಿದರೆ ಮಾತ್ರ ಬಳಸಿ.

ಹಂತ 4: ಪೂರ್ತಿ ಆರಿಸಿ, ಗಾಳಿಯಾಡುವ ಡಬ್ಬಿಯಲ್ಲಿಡಿ.

ಡಬ್ಬಿ ಕೊಳ್ಳುವಾಗ ‘ಬ್ಯಾಕ್ಟೀರಿಯಾ ನಿರೋಧಕ’ ಎಂಬ ಬರಹಕ್ಕೆ ಹೆಚ್ಚು ಹಣ ಕೊಡಬೇಡಿ. ಡಬ್ಬಿಯ ಲೇಪನ ರಿಟೇನರನ್ನು ಕಾಯುವುದಿಲ್ಲ. ರಿಟೇನರಿನ ವಸ್ತುವಿಗೇ ಬೆಳ್ಳಿಯ ನ್ಯಾನೊಕಣ (ಅತಿಸೂಕ್ಷ್ಮ ಕಣ), ಸತು ಆಕ್ಸೈಡ್ ಅಥವಾ ಸಿಗಡಿ-ಏಡಿ ಚಿಪ್ಪಿನಿಂದ ಸಿಗುವ ಕೈಟೋಸಾನ್ ಸೇರಿಸುವ ಸಂಶೋಧನೆ ನಡೆದಿದೆ, ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾಗಿದ್ದೂ ಇದೆ. ಬೆಳ್ಳಿಯಿಂದ ಬಿಡುಗಡೆಯಾಗುವ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಕಣಗಳು, ಬ್ಯಾಕ್ಟೀರಿಯಾದ ಕೋಶಪೊರೆಯನ್ನೇ ಹಾಳುಮಾಡುತ್ತವೆ. ಆದರೆ ಬಾಯೊಳಗೆ ಜೊಲ್ಲಿನ ಪ್ರೋಟೀನ್ ಕ್ಷಣದಲ್ಲೇ ಮೇಲ್ಮೈಗೆ ಅಂಟಿಕೊಂಡು ಮರೆಮಾಡುತ್ತದೆ, ಅಯಾನುಗಳೂ ದಿನ ಕಳೆದಂತೆ ಮುಗಿಯುತ್ತವೆ. ಅಂಥ ರಿಟೇನರ್ ಕೈಗೆ ಬಂದರೂ ಎರಡನೇ ಹಂತವನ್ನು ಬಿಡಲಾಗದು.