ಆಟಕ್ಕುಂಟು, ಲೆಕ್ಕಕ್ಕಿಲ್ಲದ ಗಂಟೆಗಳು

ಕೆಲಸ ಬಿಟ್ಟು ಫ್ರೀಲ್ಯಾನ್ಸ್ ಅನುವಾದಕ್ಕೆ ಇಳಿದು 9 ವರ್ಷ ಆಯಿತು. ಇಳಿಯುವ ಮೊದಲು ನಾನು ಹಾಕಿದ ಲೆಕ್ಕ ತುಂಬಾ ಚೆನ್ನಾಗಿತ್ತು. ದಿನಕ್ಕೆ 2,500 ಪದ ಮಾಡಬಲ್ಲೆ. ತಿಂಗಳಿಗೆ 22 ದಿನ. ಅಲ್ಲಿಗೆ 55,000 ಪದ. ಪದಕ್ಕಿಷ್ಟು ಅಂತ ಗುಣಿಸಿದರೆ ಹಳೆಯ ಸಂಬಳಕ್ಕಿಂತ ಜಾಸ್ತಿನೇ ಬರುತ್ತಿತ್ತು.

ಮೊದಲ ವರ್ಷ ಮುಗಿದಾಗ ಕೂಡಿಸಿ ನೋಡಿದೆ. ತಿಂಗಳಿಗೆ ಸರಾಸರಿ 24,000 ಪದ. ಅರ್ಧಕ್ಕೂ ಕಡಿಮೆ. ನಾನೇನು ಮೈಗಳ್ಳತನ ಮಾಡಿರಲಿಲ್ಲ. ಬೆಳಗ್ಗೆ ಕೂತರೆ ಏಳುವಾಗ ಕತ್ತಲಾಗಿರುತ್ತಿತ್ತು. ಹಾಗಾದರೆ ಅಷ್ಟೂ ಹೊತ್ತು ಎಲ್ಲಿಗೆ ಹೋಯಿತು?

ಪತ್ತೆ ಮಾಡೋಣ ಅಂತ ಒಂದು ನೋಟ್‌ಬುಕ್ ಇಟ್ಟೆ. 8 ವಾರ, ಅರ್ಧ ಗಂಟೆಗೊಮ್ಮೆ, ಮಾಡಿದ್ದನ್ನು ಮುಚ್ಚುಮರೆ ಇಲ್ಲದೆ ಬರೆದೆ. ಒಂದು ಮಂಗಳವಾರದ ಪುಟ ಹೀಗಿದೆ. 9ಕ್ಕೆ ಮೇಲ್‌ಗಳಿಗೆ ಉತ್ತರ. 9:30ಕ್ಕೆ ಹೊಸ ಏಜೆನ್ಸಿಯೊಂದಕ್ಕೆ ಟೆಸ್ಟ್ ಅನುವಾದ, 300 ಪದ, ಬಿಟ್ಟಿ. 11ಕ್ಕೆ ಒಂದು ಕೊಟೇಶನ್. 11:30ರಿಂದ 1ರವರೆಗೆ ಅನುವಾದ. ಊಟ. 2ಕ್ಕೆ ಹಳೆಯ ಬಿಲ್ ಬಗ್ಗೆ ನೆನಪಿಸುವ ಮೇಲ್. ಅದನ್ನು ಒರಟಾಗಿ ಬರೆಯಬಾರದು, ಅಳುಮುಂಜಿಯಾಗಿಯೂ ಬರೆಯಬಾರದು, ಹಾಗಾಗಿ ಅರ್ಧ ಗಂಟೆ ಹಿಡಿಯಿತು. 2:30ಕ್ಕೆ ‘ಐದೇ ನಿಮಿಷ’ ಅಂತ ಶುರುವಾದ ಫೋನ್ ಮುಗಿದದ್ದು 3:20ಕ್ಕೆ. 3:30ರಿಂದ 6ರವರೆಗೆ ಮತ್ತೆ ಅನುವಾದ. ಆಮೇಲೆ 7ರವರೆಗೆ, ಅಪ್‌ಡೇಟ್ ಆದ ಸಾಫ್ಟ್‌ವೇರ್‌ನಲ್ಲಿ ತೆರೆಯದ ಫೈಲಿನ ಜೊತೆ ಗುದ್ದಾಟ.

ಊಟ ಬಿಟ್ಟರೆ 9 ಗಂಟೆ. ಅದರಲ್ಲಿ ಕಾಸು ಹುಟ್ಟಿದ್ದು 4 ಗಂಟೆಗೆ. ಉಳಿದ 5 ಗಂಟೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅದು ಕೆಟ್ಟ ದಿನ ಅನ್ನಿ. 8 ವಾರದ ಸರಾಸರಿ ತೆಗೆದರೆ ನೂರು ಗಂಟೆಯಲ್ಲಿ 55 ಗಂಟೆ ಮಾತ್ರ ಬಿಲ್ಲಿಗೆ ಸೇರುವಂಥದ್ದು.

ನನ್ನ ರೇಟ್ ಬದಲಾದದ್ದು ಈ 55ರಿಂದ. ಸಂಬಳಕ್ಕಿದ್ದಾಗ ವರ್ಷಕ್ಕೆ 52 ವಾರ, ವಾರಕ್ಕೆ 40 ಗಂಟೆ, ಅಂದರೆ 2,080 ಗಂಟೆಗೂ ಹಣ. ರಜೆ ಹಾಕಿದರೂ ಸಂಬಳ, ಜ್ವರ ಬಂದರೂ ಸಂಬಳ. ಈಗ ರಜೆಗೆ 4 ವಾರ, ಕಾಯಿಲೆಗೆ 2 ವಾರ, ಕೆಲಸವೇ ಬಾರದೆ ಕೂತಿರುವುದಕ್ಕೆ 2 ವಾರ ಕಳೆದೆ. 44 ವಾರ ಉಳಿಯಿತು. 1,760 ಗಂಟೆ. ಅದರಲ್ಲಿ 55 ಪರ್ಸೆಂಟ್ ಅಂದರೆ 968. ವರ್ಷದ ಖರ್ಚು, ತೆರಿಗೆ, ವಿಮೆ, ಕಂಪ್ಯೂಟರ್, ಸಾಫ್ಟ್‌ವೇರ್, ಮುಪ್ಪಿಗೆ ಕೂಡಿಡುವುದು, ಎಲ್ಲವೂ ಈ 968 ಗಂಟೆಯಿಂದಲೇ ಹುಟ್ಟಬೇಕು. ಹಳೆಯ ಸಂಬಳವನ್ನು ಗಂಟೆಗೆ ಇಳಿಸಿ, ಅದರಿಂದಲೇ ಪದದ ರೇಟ್ ಹಾಕಿಕೊಂಡು ಒಂದು ವರ್ಷ ಕಳೆದಿದ್ದೆನಲ್ಲ, ಅದರ ಎರಡರಷ್ಟು ಕೇಳಿದ್ದರೂ ಕಡಿಮೆಯೇ ಆಗುತ್ತಿತ್ತು. ರೇಟ್ ಏರಿಸಿದಾಗ ಇಬ್ಬರು ಕ್ಲೈಂಟ್‌ಗಳು ಸದ್ದಿಲ್ಲದೆ ದೂರವಾದರು. ಮೂವರು ಮರುಮಾತಿಲ್ಲದೆ ಒಪ್ಪಿದರು. ಅದು ಇನ್ನೂ ಹೊಟ್ಟೆ ಉರಿಸಿತು. ಮೊದಲೇ ಕೇಳಿದ್ದರೂ ಕೊಡುತ್ತಿದ್ದರು ಅಂತಾಯಿತು, ಅಲ್ವಾ?

ಇನ್ನು ಹಣ ಕೈಗೆ ಬರುವ ಕಥೆ. ಒಂದು ಸಲ ಫೆಬ್ರವರಿ ಪೂರ್ತಿ ಒಂದೇ ಸಂಸ್ಥೆಗೆ ದುಡಿದೆ. ಮಾರ್ಚ್ 2ಕ್ಕೆ ಫೈಲ್ ಕೊಟ್ಟು ಅವತ್ತೇ ಬಿಲ್ ಕಳಿಸಿದೆ. ಒಪ್ಪಂದದಲ್ಲಿ 45 ದಿನ ಅಂತಿತ್ತು. ಏಪ್ರಿಲ್ 16ಕ್ಕೆ ಬರಬೇಕು ಅಂತ ನಾನು ಕಾದೆ. ಬರಲಿಲ್ಲ. 17ಕ್ಕೆ ಕೇಳಿದೆ. 20ಕ್ಕೆ ಅಕೌಂಟ್ಸ್‌ನವರ ಉತ್ತರ ಬಂತು: ಬಿಲ್ಲಿನಲ್ಲಿ ಪರ್ಚೇಸ್ ಆರ್ಡರ್ ನಂಬರ್ (ಕೆಲಸ ಒಪ್ಪಿಸುವಾಗ ಸಂಸ್ಥೆ ಕೊಡುವ ಆದೇಶದ ನಂಬರ್) ಇಲ್ಲ, ಹಾಗಾಗಿ ದಾಖಲಾಗಿಲ್ಲ. ಒಂದೂವರೆ ತಿಂಗಳು ಯಾರೂ ಇದನ್ನು ಹೇಳಿರಲಿಲ್ಲ. ನಂಬರ್ ಹಾಕಿ ಅರ್ಧ ಗಂಟೆಯಲ್ಲಿ ಮತ್ತೆ ಕಳಿಸಿದೆ. ಆಗ ಇನ್ನೊಂದು ವಿಷಯ ಗೊತ್ತಾಯಿತು. ಆ 45 ದಿನ ಎಣಿಸುವುದು ಬಿಲ್ ಕಳಿಸಿದ ದಿನದಿಂದ ಅಲ್ಲ, ಬಿಲ್ ದಾಖಲಾದ ತಿಂಗಳ ಕೊನೆಯಿಂದ. ಏಪ್ರಿಲ್ 30ಕ್ಕೆ 45 ಸೇರಿಸಿದರೆ ಜೂನ್ 14. ಫೆಬ್ರವರಿಯ ದುಡಿಮೆಗೆ ಜೂನ್‌ನಲ್ಲಿ ಹಣ. ಯಾರೂ ಮೋಸ ಮಾಡಲಿಲ್ಲ ನೋಡಿ. ಎಲ್ಲ ಒಪ್ಪಂದದಲ್ಲೇ ಇತ್ತು, ನಾನು ಆ ಸಾಲನ್ನು ಸರಿಯಾಗಿ ಓದಿರಲಿಲ್ಲ. ಬೇರೆಯವರ ಒಪ್ಪಂದಗಳನ್ನು ಅನುವಾದ ಮಾಡಿ ಹೊಟ್ಟೆ ಹೊರೆಯುವವಳು ನಾನು!

ಈಗ ಕೆಲಸ ಶುರುಮಾಡುವ ಮೊದಲೇ ಮೂರು ವಿಷಯ ಮೇಲ್‌ನಲ್ಲಿ ಕೇಳುತ್ತೇನೆ. ಬಿಲ್ಲಿನಲ್ಲಿ ಏನೇನು ಇರಬೇಕು, ದಿನ ಎಲ್ಲಿಂದ ಎಣಿಸುತ್ತೀರಿ, ತಡವಾದರೆ ಯಾರನ್ನು ಕೇಳಬೇಕು. ಹೊಸಬರಾದರೆ ಮೂರನೇ ಒಂದು ಭಾಗ ಅಡ್ವಾನ್ಸ್. ದೊಡ್ಡ ಕೆಲಸವಾದರೆ ತಿಂಗಳಿಗೊಮ್ಮೆ ಬಿಲ್, ಮುಗಿಯುವವರೆಗೆ ಕಾಯುವುದಿಲ್ಲ. ಬಂದ ಹಣದಲ್ಲಿ ತೆರಿಗೆಯ ಪಾಲನ್ನು ಅವತ್ತೇ ಬೇರೆ ಖಾತೆಗೆ ಹಾಕುತ್ತೇನೆ. ಒಂದು ವರ್ಷ ಹಾಗೆ ಮಾಡದೆ ಸಾಲ ಮಾಡಿ ತೆರಿಗೆ ಕಟ್ಟಿದ್ದೆ. ಅದರ ಬಗ್ಗೆ ಜಾಸ್ತಿ ಹೇಳಲ್ಲ.

ನಮ್ಮ ಕೆಲಸದಲ್ಲೇ ಇನ್ನೊಂದು ರಗಳೆ ಇದೆ. ಹಳೆಯ ಅನುವಾದಗಳನ್ನು ನೆನಪಿಟ್ಟುಕೊಳ್ಳುವ ಸಾಫ್ಟ್‌ವೇರ್ ಇರುತ್ತದೆ. ಹೊಸ ವಾಕ್ಯ ಹಳೆಯದಕ್ಕೆ ಹೋಲಿದರೆ ಅದಕ್ಕೆ ಪೂರ್ತಿ ರೇಟ್ ಕೊಡುವುದಿಲ್ಲ. ‘ಯಂತ್ರ ಓಡುತ್ತಿರುವಾಗ ಮುಚ್ಚಳ ತೆರೆಯಬಹುದು’ ಅಂತ ಹಳೆಯದರಲ್ಲಿದೆ. ಹೊಸ ಮಾದರಿಯ ಕೈಪಿಡಿಯಲ್ಲಿ ‘ತೆರೆಯಬಾರದು’ ಅಂತಿದೆ. ಸಾಫ್ಟ್‌ವೇರ್ ಕಣ್ಣಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ. ಆ ಒಂದು ಪದ ತಪ್ಪಿದರೆ ಯಾರದೋ ಬೆರಳು ಹೋಗುತ್ತದೆ. ಅದನ್ನು ಹುಡುಕುವ ಕಣ್ಣಿಗೆ ಸಿಗುವುದು ಕಡಿತದ ರೇಟ್. ಈಗ ಯಂತ್ರವೇ ಅನುವಾದ ಮಾಡಿಕೊಡುತ್ತದೆ, ನೀವು ಸುಮ್ನೆ ತಿದ್ದಿ ಸಾಕು ಅನ್ನುತ್ತಾರೆ. ಓದಲು ಸರಾಗವಾಗಿದ್ದು ಅರ್ಥ ಜಾರಿದ ವಾಕ್ಯವನ್ನು ಹಿಡಿಯುವುದು, ಹೊಸದಾಗಿ ಬರೆಯುವುದಕ್ಕಿಂತ ಕಷ್ಟ. ಅಂಥ ಕೆಲಸಕ್ಕೆ ನಾನು ಪದದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಕೇಳುತ್ತೇನೆ. ಒಪ್ಪುವವರು ಕಡಿಮೆ.

ಅಂದಹಾಗೆ, ಫ್ರೀಲ್ಯಾನ್ಸ್‌ನಲ್ಲಿರುವ ಲ್ಯಾನ್ಸ್ ಅಂದರೆ ಈಟಿ. ಹಿಂದಿನ ಕಾಲದ ಬಾಡಿಗೆ ಸೈನಿಕರಿಗೆ 19ನೇ ಶತಮಾನದ ಇಂಗ್ಲಿಷ್‌ನಲ್ಲಿ ಬಂದ ಹೆಸರು ಅದು. ಯಾವ ದೊರೆಗೂ ಕಟ್ಟುಬೀಳದವನು ಅಂತ ಫ್ರೀ, ಪುಕ್ಕಟೆ ಅಂತ ಅಲ್ಲ. ‘ಒಂದು ಪುಟ ತಾನೇ, ಹಾಗೇ ನೋಡಿಬಿಡಿ’ ಅನ್ನುವವರಿಗೆ ಇದನ್ನು ಹೇಳಬೇಕು ಅನಿಸುತ್ತದೆ. ಹೇಳುವುದಿಲ್ಲ, ರೇಟ್ ಕಳಿಸುತ್ತೇನೆ.

ಹೋದ ತಿಂಗಳು ಹಳೆಯ ಆಫೀಸಿನ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಕೆಲಸ ಬಿಡುತ್ತೇನೆ, ಏನಂತೀಯಾ ಅಂದಳು. ದುಡಿಮೆ ಇಲ್ಲದೆ ಎಷ್ಟು ತಿಂಗಳು ನಡೆಯುತ್ತದೆ ಅಂತ ಕೇಳಿದೆ. ಮೂರು ಅಂದಳು. ಆ ಫೆಬ್ರವರಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಬೆರಳು ಮಡಿಸುತ್ತಾ ಮಾರ್ಚ್, ಏಪ್ರಿಲ್, ಮೇ ಅಂತ ಅವಳು ಎಣಿಸುತ್ತಿದ್ದದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

“ಹಾಗಾದರೆ ಆರು ಆಗಲಿ,” ಅಂದಳು. ನೋಟ್‌ಬುಕ್‌ನಲ್ಲಿ ಬರೆದುಕೊಂಡೆ: ಫೋನ್, ಅರ್ಧ ಗಂಟೆ, ಬಿಲ್ ಇಲ್ಲ.