ಕೊಳೆತ ಟ್ರಾನ್ಸಮ್ ಬದಲಿಸಿದ್ದು: ನನ್ನ ಅನುಭವ

ಟ್ರಾನ್ಸಮ್ ಎಂದರೆ ಎಂಜಿನ್ ಕೂರುವ, ದೋಣಿಯ ಹಿಂಗೋಡೆ. ನನ್ನ ಫೈಬರ್ ದೋಣಿಯಲ್ಲಿ ಔಟ್‌ಬೋರ್ಡ್ ಎಂಜಿನ್ (ಹೊರಗೆ ತೂಗುಹಾಕುವ ಎಂಜಿನ್) ಎತ್ತಿ ಅಲ್ಲಾಡಿಸಿದರೆ ಆ ಗೋಡೆಯೇ ಬಾಗುತ್ತಿತ್ತು. ಸುತ್ತಿಗೆ ಹಿಡಿಯಿಂದ ತಟ್ಟಿದರೆ ಟಣ್ ಎನ್ನದೆ ದಬ್ ಎನ್ನುತ್ತಿತ್ತು. ಒಳಗಡೆಯಿಂದ 6 ಮಿ.ಮೀ. ತೂತು ಕೊರೆದರೆ ಬಂದದ್ದು ಕಪ್ಪಗಿನ ಒದ್ದೆ ಪುಡಿ. ಎಂಜಿನ್ ಬೋಲ್ಟಿನ ತೂತುಗಳಿಂದ ನೀರಿಳಿದು ಒಳಗಿನ ಪ್ಲೈವುಡ್ ಕೊಳೆತಿತ್ತು.

ಅಂಚಿನಲ್ಲಿ 50 ಮಿ.ಮೀ. ಉಳಿಸಿ ಫೈಬರ್‌ನ ಒಳಪದರ ಕತ್ತರಿಸಿದೆ, ಹೊರಪದರ ಮುಟ್ಟಲಿಲ್ಲ. ಕೊಳೆತದ್ದನ್ನು ಉಳಿಯಿಂದ ಕೆತ್ತಿ, ಪೂರ್ತಿ ಒಣಗಿಸಿ, 40 ಗ್ರಿಟ್‌ನ ಒರಟು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದೆ. ಫೈಬರ್ ಧೂಳಿಗೆ ಬಟ್ಟೆ ಮಾಸ್ಕ್ ಸಾಲದು, ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕೇ ಬೇಕು.

ಕೊಳೆತದ್ದರ ಜಾಗಕ್ಕೆ 18 ಮಿ.ಮೀ. ಮರೈನ್ ಪ್ಲೈವುಡ್ ಎರಡು ಹಾಳೆ. ಮೊದಲು ತೆಳು ಎಪಾಕ್ಸಿ (ಎರಡು ಭಾಗ ಬೆರೆಸುವ ಅಂಟು) ಕುಡಿಸಿ, ನಂತರ ದಪ್ಪವಾಗಲು ಸಿಲಿಕಾ ಪುಡಿ ಬೆರೆಸಿದ ಎಪಾಕ್ಸಿ ಮೆತ್ತಬೇಕು. ಕಡ್ಡಿಯಲ್ಲಿ ಎತ್ತಿದರೆ ಜಾರಬಾರದು, ಅಷ್ಟು ಗಟ್ಟಿ. ಕ್ಲ್ಯಾಂಪ್ ಬಿಗಿ ಮಾಡುವಾಗ ಶಕ್ತಿ ಪ್ರದರ್ಶನ ಬೇಡ. ಅಂಟೆಲ್ಲ ಹೊರಗೆ ಬಂದು ಬೆಸುಗೆ ಒಣಕಲಾಗುತ್ತದೆ. ಅಂಚಿನುದ್ದಕ್ಕೂ ಸಣ್ಣ ಮಣಿಗಳಂತೆ ಒಸರಿದರೆ ಸಾಕು.

ಮೂಲೆಗಳಿಗೆ 25 ಮಿ.ಮೀ. ತ್ರಿಜ್ಯದ ಫಿಲೆಟ್ (ಮೂಲೆ ದುಂಡಾಗುವಂತೆ ತುಂಬಿದ ಎಪಾಕ್ಸಿ), ಅದರ ಮೇಲೆ ಬೈಆಕ್ಸಿಯಲ್ (ಎರಡು ದಿಕ್ಕಿನ ಎಳೆಗಳ) ಫೈಬರ್ ಬಟ್ಟೆಯ ಮೂರು ಪದರ, ಒಂದಕ್ಕಿಂತ ಒಂದು ಅಗಲ. ತುಂಡು ಎಳೆಗಳನ್ನು ಬೈಂಡರ್‌ನಿಂದ ಅಂಟಿಸಿದ ಚಾಪ್ಡ್ ಮ್ಯಾಟ್ ಬಳಸಲಿಲ್ಲ. ಸಾಮಾನ್ಯವಾಗಿ ಆ ಬೈಂಡರ್ ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ. ಒಣಗಿದ ಮೇಲೆ ಮೇಲ್ಮೈ ಜಿಡ್ಡಾದರೆ ಮೊದಲು ನೀರಿನಲ್ಲಿ ತಿಕ್ಕಿ ತೊಳೆದು, ಆಮೇಲೆ ಸ್ಯಾಂಡ್‌ಪೇಪರ್.

ಬೋಲ್ಟಿಗೆ ನೇರವಾಗಿ 13 ಮಿ.ಮೀ. ಕೊರೆಯಬೇಡಿ. 20 ಮಿ.ಮೀ. ಕೊರೆದು, ಗಟ್ಟಿ ಎಪಾಕ್ಸಿ ತುಂಬಿಸಿ, ಅದರ ನಡುವೆ 13 ಕೊರೆಯಿರಿ. ಆಗ ಸೀಲೆಂಟ್ ಬಿಟ್ಟುಕೊಂಡರೂ ನೀರು ಮರಕ್ಕೆ ತಾಗದು.