ಬೆಂಕಿಯಾಗುವವನಿಗೆ ಎಷ್ಟು ಜೀವ ಕೊಡಬೇಕು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ. ಅದನ್ನು ಆಡುವವರು ಒಂದಲ್ಲ ಒಂದು ದಿನ ಸ್ವಂತ ಕ್ಲಾಸ್, ಅಂದರೆ ಹೊಸ ಬಗೆಯ ಪಾತ್ರಕ್ಕೆ ನಿಯಮ, ಬರೆಯಲು ಕೂರುತ್ತಾರೆ. ಬೆಂಕಿ, ನೀರು, ಗಾಳಿ, ಮಣ್ಣಿನ ರೂಪ ತಾಳುವವನೆಂದರೆ ಎಲ್ಲರಿಗೂ ಆಸೆ. ನಮ್ಮ ಗುಂಪಿನಲ್ಲೇ ಇಂಥ ಮೂರು ಕ್ಲಾಸ್ ಹುಟ್ಟಿದವು. ಮೂರೂ ಒಂದೇ ಕಡೆ ಮುಗ್ಗರಿಸಿದವು.

ಮೊದಲು ರೂಪ ಆರಿಸಿ. ನಾಲ್ಕು ಸಾಕು. ಪಂಚಭೂತ ಅಂತ ಆಕಾಶವನ್ನೂ ಸೇರಿಸಲು ಕೈ ತುರಿಸುತ್ತದೆ, ಬೇಡ. ಕಾಳಗದಲ್ಲಿ ಆಕಾಶ ಏನು ಮಾಡಬೇಕೆಂದು ಹೊಳೆಯದೆ ಕೊನೆಗೆ ‘ಮಾಯವಾಗುತ್ತದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತೀರಿ.

ಆಮೇಲೆ ರೂಪಕ್ಕೊಂದು ಕೆಲಸ. ಗಾಳಿ ಹಾರಲಿ, ಮಣ್ಣು ತಡೆಯಲಿ, ನೀರು ಹಿಡಿದು ಮುಳುಗಿಸಲಿ, ಬೆಂಕಿ ಸುಡಲಿ.

ಎಡವುವುದು ಹಿಟ್ ಪಾಯಿಂಟ್ ಹತ್ತಿರ, ಅಂದರೆ ಪಾತ್ರ ಎಷ್ಟು ಪೆಟ್ಟು ತಾಳುತ್ತದೆ ಎನ್ನುವ ಲೆಕ್ಕದಲ್ಲಿ. ಆಟದ 2014ರ ನಿಯಮದಲ್ಲಿ ಡ್ರೂಯಿಡ್ (ಪ್ರಾಣಿಯ ರೂಪ ತಾಳಬಲ್ಲ ಕ್ಲಾಸ್) ಪ್ರಾಣಿಯಾದರೆ ಆ ಪ್ರಾಣಿಯ ಹಿಟ್ ಪಾಯಿಂಟ್ ಪೂರ್ತಿ ಸಿಗುತ್ತಿತ್ತು. ಅದು ಸೊನ್ನೆಯಾದರೆ ತನ್ನ ಹಳೆಯ ಜೀವ ವಾಪಸ್. ರೂಪ ಬದಲಿಸುವುದರಲ್ಲೇ ಪಳಗಿದ ‘ಸರ್ಕಲ್ ಆಫ್ ದ ಮೂನ್’ ಪಂಗಡದ ಡ್ರೂಯಿಡ್ 2ನೇ ಲೆವೆಲ್‌ನಲ್ಲೇ 34 ಪಾಯಿಂಟಿನ ಕಂದು ಕರಡಿ, ಅದೂ ಎರಡು ಸಲ. ಪಕ್ಕದ ಯೋಧ, ಅಂದರೆ ಫೈಟರ್‌ಗೆ ಆಗ ಬರೀ 20ರ ಆಸುಪಾಸು! 10ನೇ ಲೆವೆಲ್‌ನಲ್ಲಿ ಆ ಎರಡೂ ಸಲವನ್ನು ಒಟ್ಟಿಗೆ ಖರ್ಚು ಮಾಡಿ ಮಣ್ಣಿನ ಎಲಿಮೆಂಟಲ್ (ಮಣ್ಣೇ ಮೈಯಾದ ಜೀವಿ) ಆದರೆ 126. ಅಷ್ಟಾದರೂ ಮಿತಿ ಇತ್ತು. ನಮ್ಮವರ ಕ್ಲಾಸ್ ಪ್ರತಿ ಸರದಿಗೂ ರೂಪ ಬದಲಿಸುತ್ತಿತ್ತು. ಬೆಂಕಿ ಆರಿದರೆ ನೀರು, ನೀರು ಹೋದರೆ ಮಣ್ಣು. ಒಂದು ಕಾಳಗಕ್ಕೆ ಇಡೀ ಸಂಜೆ ಹೋಯಿತು, ಚಹಾ ಎರಡು ಸಲ ಆಯಿತು.

ಅದಕ್ಕೇ ರೂಪಕ್ಕೆ ಬೇರೆ ಹಿಟ್ ಪಾಯಿಂಟ್ ಕೊಡಲೇಬೇಡಿ. ಲೆವೆಲ್ ಎಷ್ಟೋ ಅಷ್ಟು ಟೆಂಪರರಿ ಪಾಯಿಂಟ್ (ಪೆಟ್ಟು ಬಿದ್ದಾಗ ಸ್ವಂತ ಜೀವಕ್ಕಿಂತ ಮೊದಲು ಕಳೆಯುವ ಪಾಯಿಂಟ್) ಕೊಡಿ. 2024ರ ನಿಯಮಗಳೂ ಡ್ರೂಯಿಡ್‌ಗೆ ಇದೇ ದಾರಿ ಹಿಡಿದಿವೆ. ಟೆಂಪರರಿ ಪಾಯಿಂಟ್ ಒಂದರ ಮೇಲೊಂದು ಕೂಡುವುದಿಲ್ಲ, ಹಾಗಾಗಿ ಗುಡ್ಡೆ ಬೀಳುವುದಿಲ್ಲ. ಆದರೆ ರೂಪ ಬದಲಿಸಿದಾಗಲೆಲ್ಲ ಮತ್ತೆ ತುಂಬುತ್ತದೆ ಅಲ್ವಾ? ಕಾಳಗದ ಮೊದಲ ರೂಪಕ್ಕೆ ಮಾತ್ರ ಅಂತ ಒಂದು ಸಾಲು ಬರೆಯಿರಿ. ಈ ಸಾಲು ಮರೆತರೆ ಮೇಲಿನದೆಲ್ಲ ದಂಡ.

ರೂಪಗಳ ದೌರ್ಬಲ್ಯವನ್ನು ಆಟದ ಪುಸ್ತಕದಿಂದಲೇ ಸುಮ್ನೆ ಕದಿಯಿರಿ, ತಪ್ಪಿಲ್ಲ. 2014ರ ಪುಸ್ತಕದಲ್ಲೇ ಬೆಂಕಿ ಎಲಿಮೆಂಟಲ್ ಮೇಲೆ ಒಂದು ಗ್ಯಾಲನ್ ನೀರು ಎರಚಿದರೆ 1 ಪಾಯಿಂಟ್ ಹೋಗುತ್ತದೆ. ನೀರಿನದಕ್ಕೆ ಚಳಿಯ ಪೆಟ್ಟು ಬಿದ್ದರೆ ವೇಗ 20 ಅಡಿ ಇಳಿಯುತ್ತದೆ. ನಾನು ದುಡ್ಡು ಕೊಟ್ಟು ತರಿಸಿದ ಒಂದು ಪಿಡಿಎಫ್‌ನಲ್ಲಿ ಹನ್ನೆರಡು ರೂಪಗಳಿದ್ದವು, ದೌರ್ಬಲ್ಯ ಒಂದಕ್ಕೂ ಇರಲಿಲ್ಲ.

ಕೊನೆಗೆ 2 ಮತ್ತು 10ನೇ ಲೆವೆಲ್‌ನಲ್ಲಿ ಒಂದೊಂದು ಕಾಳಗ ಆಡಿಸಿ. ಫೈಟರ್ ಆಡುವವನನ್ನು ಗಮನಿಸಿ. ಅವನು ನಡುವೆ ಮೊಬೈಲ್ ತೆಗೆದರೆ ಪಾಯಿಂಟ್ ಇನ್ನೂ ಇಳಿಸಿ.